ಜಗಲಿಯ ಪಟ ಮತ್ತು ಸಂಗ್ರಾಹಕನ ಪ್ರತಿ: ಕಿತ್ತೂರು–ಸವದತ್ತಿ ಸೀಮೆಯ ಮುದ್ರಿತ ಜನಪ್ರಿಯ ಚಿತ್ರಗಳು

ಕನ್ನಡದ ಜಾನಪದ ಅಧ್ಯಯನವು ಹಾಡು, ಕಥೆ, ಒಗಟು, ಬಯಲಾಟಗಳಿಂದ ಆರಂಭವಾಗಿ ಕ್ರಮೇಣ ಕೌದಿ, ಬುಟ್ಟಿ, ಮಡಕೆ, ಕೃಷಿ ಸಲಕರಣೆಗಳಂತಹ ಭೌತಿಕ ಸಂಸ್ಕೃತಿಯತ್ತಲೂ ಗಮನ ಹರಿಸಿತು. ಆದರೆ ಹಳ್ಳಿಯ ಪ್ರತಿಯೊಂದು ಮನೆಯ ಗೋಡೆಯ ಮೇಲೆ, ದೇವರ ಜಗಲಿಯಲ್ಲಿ, ಅಂಗಡಿಯ ಗಲ್ಲೆಯ ಹಿಂದೆ, ಗರಡಿಮನೆಯ ಗೂಡಿನಲ್ಲಿ ಇರುವ ಅಚ್ಚಿನ ಪಟಗಳು ಈ ಎರಡೂ ಹಂತಗಳಲ್ಲಿ ಹೊರಗೇ ಉಳಿದವು. ಯಂತ್ರದಿಂದ ಬಂದದ್ದು ಎಂಬ ಕಾರಣಕ್ಕೆ ಜಾನಪದ ವಿದ್ವಾಂಸರು ಅವನ್ನು ತಮ್ಮದೆಂದು ಪರಿಗಣಿಸಲಿಲ್ಲ. 'ಕ್ಯಾಲೆಂಡರ್ ಕಲೆ' ಎಂಬ ಹಗುರವಾದ ಹೆಸರಿನಿಂದ ಕಲಾ ಇತಿಹಾಸಕಾರರೂ ಅವನ್ನು ದೂರವಿಟ್ಟರು. ವಿದ್ವತ್ತು ಹೀಗೆ ತಡಮಾಡಿದ ವಿಷಯಕ್ಕೆ ಮಾರುಕಟ್ಟೆ ಬೇಗನೆ ಬಂದಿತು. ಹಳೆಯ ಕಲ್ಲಚ್ಚಿನ ಪಟಗಳು ಇಂದು ಮಹಾನಗರಗಳ ಹಳೆವಸ್ತು ವ್ಯಾಪಾರಿಗಳ ಕೈಯಲ್ಲಿ ಬೆಲೆಬಾಳುವ ಸರಕಾಗಿವೆ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪ್ರದೇಶಗಳಲ್ಲಿ ಬಳಕೆಯಲ್ಲಿರುವ ಮುದ್ರಿತ ಜನಪ್ರಿಯ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು, ಇಂತಹ ಪಟಗಳನ್ನು ಸಂಗ್ರಹಿಸುವುದೆಂದರೆ ಏನು, ಅವುಗಳ ವಿರಳತೆ ಎಲ್ಲಿಂದ ಬರುತ್ತದೆ, ಸಂಗ್ರಹಕಾರ್ಯದಲ್ಲಿ ಯಾವುದು ಉಳಿಯುತ್ತದೆ ಮತ್ತು ಯಾವುದು ಕಳೆದುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮಿತಮುದ್ರಣ ಮತ್ತು ವಿರಳತೆ

ಆಧುನಿಕ ಕಲಾ ಮಾರುಕಟ್ಟೆಯಲ್ಲಿ ಮುದ್ರಿತ ಚಿತ್ರಕ್ಕೆ ಬೆಲೆ ಬರುವುದು ಸಂಖ್ಯೆಯ ಮಿತಿಯಿಂದ. ಕಲಾವಿದ ಒಂದು ಅಚ್ಚಿನಿಂದ ಇಂತಿಷ್ಟೇ ಪ್ರತಿಗಳನ್ನು ತೆಗೆಯುತ್ತಾನೆ. ಪ್ರತಿಯೊಂದರ ಅಂಚಿನಲ್ಲಿ ಕ್ರಮಸಂಖ್ಯೆ ಮತ್ತು ಒಟ್ಟು ಸಂಖ್ಯೆಯನ್ನು ಪೆನ್ಸಿಲ್ಲಿನಿಂದ ಬರೆದು ಸಹಿ ಮಾಡುತ್ತಾನೆ. ಅನಂತರ ಅಚ್ಚನ್ನು ಅಳಿಸಲಾಗುತ್ತದೆ ಅಥವಾ ಕೆಡಿಸಲಾಗುತ್ತದೆ. 1962ರಲ್ಲಿ ಸ್ಕ್ರೀನ್ ಮುದ್ರಣವನ್ನು ಕೈಗೆತ್ತಿಕೊಂಡ ಅಮೆರಿಕದ ಆಂಡಿ ವಾರ್ಹೋಲ್, ಅಂಗಡಿಯ ಡಬ್ಬಿ, ಸಿನಿಮಾ ತಾರೆಯ ಮುಖಗಳಂತಹ ಜನಸಾಮಾನ್ಯರ ದೃಶ್ಯಸಾಮಗ್ರಿಯನ್ನೇ ಕಲೆಯನ್ನಾಗಿಸಿದ. ಆದರೆ 1967ರಲ್ಲಿ ಅವನು ಹೊರತಂದ ಮರ್ಲಿನ್ ಮನ್ರೋ ಚಿತ್ರಗಳ ಸಂಪುಟ 250 ಪ್ರತಿಗಳಿಗೆ ಸೀಮಿತವಾಗಿತ್ತು. ವಸ್ತು ಜನಪ್ರಿಯವಾದರೂ ಪ್ರತಿ ಮಿತವಾಗಿರಬೇಕು ಎಂಬುದು ಆ ಮಾರುಕಟ್ಟೆಯ ನಿಯಮ.

ಬೀದಿಯ ಕಲೆಯೂ ಇದೇ ನಿಯಮಕ್ಕೆ ಒಳಪಟ್ಟಿತು. 1980ರ ದಶಕದ ಆರಂಭದಲ್ಲಿ ಕೀತ್ ಹೇರಿಂಗ್ ಎಂಬ ಕಲಾವಿದ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ, ಖಾಲಿ ಉಳಿದ ಜಾಹೀರಾತು ಫಲಕಗಳ ಕಪ್ಪು ಕಾಗದದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದ. ಅವು ಹೆಸರುವಾಸಿಯಾದಂತೆ ಜನರು ಕಾಗದವನ್ನೇ ಕಿತ್ತುಕೊಂಡು ಹೋಗತೊಡಗಿದರು. ನಿಲ್ದಾಣದಲ್ಲಿ ಇದ್ದಾಗ ಎಲ್ಲರದಾಗಿದ್ದ ಚಿತ್ರ ಮನೆಯ ಗೋಡೆಗೆ ಹೋದಾಗ ಒಬ್ಬರ ಸ್ವತ್ತಾಯಿತು. ಅದು ಇದ್ದ ಸ್ಥಳದ ಅರ್ಥ ಅಲ್ಲಿಗೆ ಕಳಚಿತು. ಜಾನಪದ ವಸ್ತುಗಳ ಸಂಗ್ರಹದಲ್ಲಿಯೂ ಏಳುವ ಮೂಲಭೂತ ಪ್ರಶ್ನೆ ಇದೇ ಆಗಿದೆ.

ಕಿತ್ತೂರು–ಸವದತ್ತಿ ಸೀಮೆಯ ಪಟಗಳ ವಿರಳತೆಗೆ ಕಾರಣ ಬೇರೆ. ಇವು ಎಷ್ಟು ಸಾಧ್ಯವೋ ಅಷ್ಟು ಪ್ರತಿಗಳಲ್ಲಿ ಅಚ್ಚಾದವು. ಆದರೂ ನೂರು ವರ್ಷ ಹಳೆಯ ಪಟ ಇಂದು ಅಪರೂಪ. ಅವುಗಳ ಸಂಖ್ಯೆಯನ್ನು ಕುಗ್ಗಿಸಿದ್ದು ಬಳಕೆ: ಊದಿನಕಡ್ಡಿಯ ಹೊಗೆ, ದೀಪದ ಎಣ್ಣೆ, ಕುಂಕುಮ–ಭಂಡಾರ, ಮಣ್ಣಿನ ಗೋಡೆಯ ತೇವ, ಗೆದ್ದಲು, ಬೆಳ್ಳಿಹುಳು. ಇವೆಲ್ಲವನ್ನೂ ದಾಟಿ ಉಳಿದ ಪಟವನ್ನು ಕೊನೆಗೆ ಜನರೇ ಬೀಳ್ಕೊಡುತ್ತಾರೆ. ಗಾಜು ಒಡೆದ ದೇವರ ಪಟವನ್ನು ಮನೆಯಲ್ಲಿ ಇಡಬಾರದೆಂಬ ನಂಬಿಕೆಯಿಂದ ಅದನ್ನು ಹೊಳೆಗೆ ಬಿಡುವುದು, ಇಲ್ಲವೆ ಆಲ, ಅರಳಿ, ಬನ್ನಿ ಮರಗಳ ಬುಡದಲ್ಲಿ ಒರಗಿಸಿ ಬರುವುದು ರೂಢಿ. ಆದ್ದರಿಂದ ಈ ವಿರಳತೆಯನ್ನು ಆಚರಣೆಯಿಂದ ಉಂಟಾದ ವಿರಳತೆ ಎಂದು ಕರೆಯಬಹುದು.

2. ಪಟಗಳು ಸೀಮೆಗೆ ಬಂದ ದಾರಿ

ಬೈಲಹೊಂಗಲ, ಕಿತ್ತೂರು ಮತ್ತು ಸವದತ್ತಿ ಪ್ರದೇಶಗಳು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಮದುರ್ಗ ಭಾವೆ ಮನೆತನದ ಆಳ್ವಿಕೆಯ ಸಂಸ್ಥಾನವಾಗಿತ್ತು. 1956ರವರೆಗೆ ಈ ಸೀಮೆಯ ಆಡಳಿತ, ವ್ಯಾಪಾರ ಮತ್ತು ಮುದ್ರಣ ಸಂಬಂಧಗಳೆಲ್ಲ ಪುಣೆ–ಮುಂಬಯಿಗಳತ್ತ ಮುಖಮಾಡಿದ್ದವು. ಹೀಗಾಗಿ ಇಲ್ಲಿನ ಪಟಗಳ ಇತಿಹಾಸವನ್ನು ಪಶ್ಚಿಮ ಭಾರತದ ಮುದ್ರಣಾಲಯಗಳ ಇತಿಹಾಸದಿಂದ ಬೇರ್ಪಡಿಸಲಾಗದು. ಪುಣೆಯ ಚಿತ್ರಶಾಲಾ ಮುದ್ರಣಾಲಯ 1878ರಲ್ಲಿ ಸ್ಥಾಪನೆಯಾಯಿತು. ರಾಜಾ ರವಿವರ್ಮರು (1848–1906) 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. ಅದು ಅನಂತರ ಲೋಣಾವಳದ ಹತ್ತಿರದ ಮಳವಲಿಗೆ ಸ್ಥಳಾಂತರಗೊಂಡು, ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಅವರ ಒಡೆತನಕ್ಕೆ ಬಂದಿತು. 1972ರ ಅಗ್ನಿ ಅನಾಹುತದಲ್ಲಿ ಆ ಮುದ್ರಣಾಲಯ ಹಾಳಾಯಿತು. ಇದೇ ಅವಧಿಯಲ್ಲಿ ಜರ್ಮನಿಯಲ್ಲಿ ಅಚ್ಚಾದ ಪಟಗಳೂ ಭಾರತದ ಮಾರುಕಟ್ಟೆಗೆ ಬರುತ್ತಿದ್ದವು. ಮೊದಲ ಮಹಾಯುದ್ಧದೊಂದಿಗೆ ಆ ವ್ಯಾಪಾರ ಮುರಿದುಬಿತ್ತು.

ಕಲ್ಲಚ್ಚಿನ ತಂತ್ರದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಒಂದು ಪಟಕ್ಕೆ ಹತ್ತಕ್ಕಿಂತ ಹೆಚ್ಚು ಕಲ್ಲುಗಳನ್ನು ಬಳಸಿದ್ದುಂಟು. ಅಚ್ಚಾದ ಮೇಲೆ ವಾರ್ನಿಶು ಬಳಿದು ತೈಲಚಿತ್ರದ ಹೊಳಪು ಕೊಡಲಾಗುತ್ತಿತ್ತು. ಆಫ್‌ಸೆಟ್ ಮುದ್ರಣ ಬಂದ ಮೇಲೆ ನಾಲ್ಕು ಬಣ್ಣಗಳ ಸೂಕ್ಷ್ಮ ಚುಕ್ಕಿಗಳಿಂದಲೇ ಇಡೀ ಚಿತ್ರ ಸಿದ್ಧವಾಗತೊಡಗಿತು. ತಮಿಳುನಾಡಿನ ಶಿವಕಾಶಿ ಈ ಉದ್ಯಮದ ಕೇಂದ್ರವಾಯಿತು. ಪಟದ ಕಾಲವನ್ನು ಅಂದಾಜಿಸಲು ಈ ವ್ಯತ್ಯಾಸ ಬಹು ಉಪಯುಕ್ತ. ಭೂತಗನ್ನಡಿಯಲ್ಲಿ ನೋಡಿದಾಗ ಕಲ್ಲಚ್ಚಿನ ಪಟದಲ್ಲಿ ಕೈಯಿಂದ ಇಟ್ಟ ಅಸಮ ಚುಕ್ಕಿಗಳೂ ಕಣಗಳೂ ಕಾಣುತ್ತವೆ. ಆಫ್‌ಸೆಟ್ ಪಟದಲ್ಲಿ ಸಾಲುಗಟ್ಟಿದ ಚುಕ್ಕಿಗಳ ಜಾಲ ಕಾಣುತ್ತದೆ. ಹಳೆಯದೆಂದು ಮಾರಲಾಗುವ ಇತ್ತೀಚಿನ ಮರುಮುದ್ರಣಗಳನ್ನು ಗುರುತಿಸುವ ಮೊದಲ ಪರೀಕ್ಷೆಯೂ ಇದೇ.

ಚಿತ್ರಕಾರರಲ್ಲಿ ಕರ್ನಾಟಕದವರೂ ಇದ್ದರು. ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಮುಂಬಯಿಯಲ್ಲಿ ಸಿನಿಮಾ ಪ್ರಚಾರಚಿತ್ರಗಳನ್ನೂ ಪೌರಾಣಿಕ ಚಿತ್ರಗಳನ್ನೂ ರಚಿಸಿ ಪ್ರಸಿದ್ಧರಾದರು. ಅವರ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ದೇಶದಾದ್ಯಂತ ಮನೆಮನೆ ತಲುಪಿದವು. ಮಹಾರಾಷ್ಟ್ರದ ರಘುವೀರ ಮುಳಗಾಂವ್ಕರ್ (1918–1976) ಅವರ ದೇವತಾಚಿತ್ರಗಳೂ ಹೀಗೆಯೇ ಹರಡಿದವು. ಆದರೆ ಹಳ್ಳಿಯ ಮನೆಯಲ್ಲಿ ಪಟವನ್ನು ಗುರುತಿಸುವುದು ಕಲಾವಿದನ ಹೆಸರಿನಿಂದ ಅಲ್ಲ. 'ಗುಡ್ಡದಿಂದ ತಂದ ಪಟ', 'ತವರುಮನೆಯ ಪಟ', 'ಅಂಗಡಿಯವರು ಕೊಟ್ಟ ಪಟ' ಎಂಬಂತೆ ಅದು ಬಂದ ದಾರಿಯೇ ಅದರ ಹೆಸರು.

3. ಎಲ್ಲಮ್ಮನ ಗುಡ್ಡದ ಪಟಗಳು

ಈ ಸೀಮೆಯ ಪಟಗಳ ಅತಿ ದೊಡ್ಡ ಮಾರುಕಟ್ಟೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರಗಳ ಭಕ್ತರು ಇಲ್ಲಿ ಸೇರುತ್ತಾರೆ. ಬಳೆ, ಕುಂಕುಮ, ಭಂಡಾರ, ಕವಡೆ ಸರಗಳ ಜೊತೆಗೆ ಪಟವೂ ಜಾತ್ರೆಯಿಂದ ಮನೆಗೆ ಒಯ್ಯುವ ವಸ್ತು. ಕನ್ನಡದ ಜೊತೆಗೆ ಮರಾಠಿಯಲ್ಲಿಯೂ ಹೆಸರು ಅಚ್ಚಾದ ಪಟಗಳು ಈ ಭಕ್ತಸಮುದಾಯದ ಭಾಷಾಸ್ವರೂಪವನ್ನು ಸೂಚಿಸುತ್ತವೆ.

ಎಲ್ಲಮ್ಮನ ಪಟದಲ್ಲಿ ಪುರಾಣದ ರೇಣುಕೆಗಿಂತ ಗರ್ಭಗುಡಿಯಲ್ಲಿ ಅಲಂಕಾರಗೊಂಡ ದೇವಿಯೇ ಮುಖ್ಯ: ಕಿರೀಟ, ಅರಳಿದ ಕಣ್ಣು, ಸೀರೆ, ಹೂಮಾಲೆ. ಕಣ್ಣು ನೇರವಾಗಿ ನೋಡುವವರತ್ತ ಇರುತ್ತದೆ. ಭಾರತೀಯ ದೇವತಾಪಟಗಳನ್ನು ಕುರಿತ 'ಫೋಟೋಸ್ ಆಫ್ ದ ಗಾಡ್ಸ್' (2004) ಎಂಬ ಕೃತಿಯಲ್ಲಿ ಕ್ರಿಸ್ಟೋಫರ್ ಪಿನ್ನೆ ಈ ನೇರದೃಷ್ಟಿಗೆ ವಿಶೇಷ ಮಹತ್ವ ನೀಡಿದ್ದಾರೆ. ದೂರದ ಊರಿನ ಭಕ್ತೆಗೆ ಈ ಪಟ ಗುಡ್ಡದ ನೆನಪಷ್ಟೇ ಅಲ್ಲ, ಗುಡ್ಡದ ದರ್ಶನವೇ ಆಗಿದೆ. ಮೌಖಿಕ ಪರಂಪರೆಯಲ್ಲಿ ಬರುವ ಮರಳ ಕೊಡ, ಸರ್ಪದ ಸಿಂಬಿ, ಪರಶುರಾಮನ ಕೊಡಲಿಗಳ ಕಥೆಯನ್ನು ಚೌಡಿಕೆಯವರ ಹಾಡಿನಲ್ಲಿ ಕೇಳಿದವರಿಗೆ ಪಟದಲ್ಲಿರುವ ಒಂದೊಂದು ಕುರುಹೂ ಕಥೆಯ ಒಂದೊಂದು ಘಟ್ಟವನ್ನು ನೆನಪಿಸುತ್ತದೆ. ಹಾಡು ಮತ್ತು ಪಟ ಇಲ್ಲಿ ಪರಸ್ಪರ ಪೂರಕ. ಹಾಡನ್ನು ಬಿಟ್ಟು ಸಂಗ್ರಹಿಸಿದ ಪಟದ ಅರ್ಥ ಅಪೂರ್ಣ.

ಮನೆಗೆ ಬಂದ ಪಟ ಹಾಗೆಯೇ ಉಳಿಯುವುದಿಲ್ಲ. ಕಟ್ಟು ಹಾಕಿಸುವಾಗ ಗಾಜಿನ ಒಳಗೆ ಜರಿ, ಮಣಿ, ಬಟ್ಟೆಯ ತುಂಡುಗಳನ್ನು ಅಂಟಿಸಿ ದೇವಿಗೆ ಸೀರೆ ಉಡಿಸುವ ಪದ್ಧತಿ ಭಾರತದ ಅನೇಕ ಕಡೆಗಳಲ್ಲಿ ಇತ್ತು. ಗಾಜಿನ ಮೇಲೆ ದಿನವೂ ಇಡುವ ಕುಂಕುಮ ಪದರುಗಟ್ಟುತ್ತದೆ. ಸಾವಿರಾರು ಪ್ರತಿಗಳಲ್ಲಿ ಒಂದಾಗಿ ಅಚ್ಚಾದ ಪಟ ಹೀಗೆ ಒಂದು ಮನೆಗೆ ಮಾತ್ರ ಸೇರಿದ, ಬೇರೆಲ್ಲಿಯೂ ಇಲ್ಲದ ವಸ್ತುವಾಗಿ ಮಾರ್ಪಡುತ್ತದೆ. ಕಲಾವಿದನ ಸಹಿ ಮತ್ತು ಕ್ರಮಸಂಖ್ಯೆ ಮಿತಮುದ್ರಣದ ಪ್ರತಿಗೆ ಕೊಡುವ ಅನನ್ಯತೆಯನ್ನು ಇಲ್ಲಿ ಮನೆಯ ಹೆಣ್ಣುಮಕ್ಕಳ ಕೈ ಕೊಡುತ್ತದೆ.

ಗುಡ್ಡದ ಪಟಗಳಿಗೆ ಇನ್ನೊಂದು ಮುಖವಿದೆ. ದೇವದಾಸಿ ಪದ್ಧತಿಯನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾನೂನುಗಳು ರಚನೆಯಾದವು. ಮುತ್ತು ಕಟ್ಟುವುದು ಅಪರಾಧವೆಂದು ತಿಳಿಸುವ ಫಲಕ ಮತ್ತು ಭಿತ್ತಿಪತ್ರಗಳು ದೇವಿಯ ಪಟ ಮಾರುವ ಬೀದಿಗಳಲ್ಲಿಯೇ ಕಾಣಿಸಿಕೊಂಡವು. ಇವುಗಳನ್ನು ಯಾರೂ ಕಟ್ಟು ಹಾಕಿಸಿ ಇಡುವುದಿಲ್ಲ. ಮಳೆಗಾಲ ಕಳೆಯುವುದರೊಳಗೆ ಅವು ಹರಿದುಹೋಗುತ್ತವೆ. ದೇವಿಯ ಸುಂದರ ಪಟವನ್ನು ಮಾತ್ರ ಉಳಿಸಿಕೊಂಡು ಈ ಭಿತ್ತಿಪತ್ರವನ್ನು ಬಿಟ್ಟ ಸಂಗ್ರಹ, ಗುಡ್ಡದ ಇತಿಹಾಸದಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡನ್ನೇ ಅಳಿಸಿಹಾಕುತ್ತದೆ. ಬೇಗ ನಾಶವಾಗುವ ಮುದ್ರಣಕ್ಕೆ ಸಂಗ್ರಾಲಯವು ಮೊದಲ ಆದ್ಯತೆ ನೀಡಬೇಕಾದ ಕಾರಣ ಇದು.

4. ಚೆನ್ನಮ್ಮ ಮತ್ತು ರಾಯಣ್ಣ: ವೀರರ ಪಟ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿತು. ಅನಂತರ ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ನಿಧನಳಾದಳು. ಅವಳ ಸಮಾಧಿ ಅಲ್ಲಿಯೇ ಇದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇವರ ಕಥೆ ಲಾವಣಿಗಳಲ್ಲಿ, ಗೀಗೀ ಪದಗಳಲ್ಲಿ, ಸಣ್ಣಾಟ–ದೊಡ್ಡಾಟಗಳಲ್ಲಿ ಉಳಿದುಬಂದಿತು. ಮುದ್ರಿತ ಪಟ ಬಂದದ್ದು ಬಹಳ ತಡವಾಗಿ.

ಕುದುರೆಯೇರಿ ಖಡ್ಗ ಎತ್ತಿದ ಚೆನ್ನಮ್ಮ, ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು ಅಥವಾ ಕಿರೀಟ: ಈ ರೂಪ ಇಪ್ಪತ್ತನೆಯ ಶತಮಾನದಲ್ಲಿ ಸ್ಥಿರಗೊಂಡಿತು. ಬಿ.ಆರ್. ಪಂತುಲು ನಿರ್ದೇಶಿಸಿ ಬಿ. ಸರೋಜಾದೇವಿ ಅಭಿನಯಿಸಿದ 'ಕಿತ್ತೂರು ಚೆನ್ನಮ್ಮ' ಚಲನಚಿತ್ರ 1961ರಲ್ಲಿ ತೆರೆಕಂಡಿತು. 1977ರಲ್ಲಿ ಭಾರತೀಯ ಅಂಚೆ ಇಲಾಖೆ ಅಂಚೆಚೀಟಿ ಹೊರತಂದಿತು. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ಅನಾವರಣಗೊಂಡಿತು. ಸಿನಿಮಾ, ಅಂಚೆಚೀಟಿ, ಪ್ರತಿಮೆ, ಶಾಲಾ ಪಠ್ಯ, ಪಟ ಇವು ಒಂದರಿಂದ ಒಂದು ರೂಪವನ್ನು ಪಡೆಯುತ್ತ ಸಾಗಿವೆ. ಆದ್ದರಿಂದ ಚೆನ್ನಮ್ಮನ ಪಟ ಐತಿಹಾಸಿಕ ಮುಖಚಹರೆಯ ಪುರಾವೆಯಲ್ಲ. ಒಂದು ಸೀಮೆ ತನ್ನ ರಾಣಿಯನ್ನು ಯಾವ ಕಾಲದಲ್ಲಿ ಹೇಗೆ ಕಾಣಬಯಸಿತು ಎಂಬುದಕ್ಕೆ ಪುರಾವೆ.

ರಾಯಣ್ಣನ ಪಟದ ಗತಿ ಇನ್ನೂ ಕುತೂಹಲಕರ. ನಂದಗಡದಲ್ಲಿ ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಫಲ ಬೇಡಿ ತೊಟ್ಟಿಲು ಕಟ್ಟುವ ಹರಕೆ ಇದೆ. ಇಂತಹ ವೀರನ ಪಟ ಗರಡಿಮನೆಯಿಂದ ದೇವರ ಜಗಲಿಗೆ ಸಲೀಸಾಗಿ ಸಾಗುತ್ತದೆ. 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಲನಚಿತ್ರ ಬಂದ ನಂತರ ವೀರನ ಉಡುಪು, ನಿಲುವುಗಳಿಗೆ ಹೊಸ ಮಾದರಿಯೊಂದು ದೊರೆಯಿತು. ಟ್ರ್ಯಾಕ್ಟರಿನ ಟ್ರೇಲರು, ಆಟೊರಿಕ್ಷಾದ ಹಿಂಬದಿಯ ಗಾಜು, ಬೈಕಿನ ಮುಂಭಾಗಗಳ ಮೇಲೆ ರೇಡಿಯಂ ಅಂಗಡಿಯವರು ಕತ್ತರಿಸಿ ಅಂಟಿಸುವ ರಾಯಣ್ಣ–ಚೆನ್ನಮ್ಮರ ಚಿತ್ರಗಳು ಮತ್ತು ಉತ್ಸವದ ಫ್ಲೆಕ್ಸ್ ಫಲಕಗಳು ಈ ಸೀಮೆಯ ಇಂದಿನ ಬೀದಿಕಲೆ. ಕಿತ್ತೂರು ಉತ್ಸವ ಮುಗಿದ ಮರುದಿನ ಫ್ಲೆಕ್ಸ್ ಕಣದ ಹೊದಿಕೆಯಾಗುತ್ತದೆ, ದನದ ಕೊಟ್ಟಿಗೆಯ ಮರೆಯಾಗುತ್ತದೆ. ಕಿತ್ತೂರು ವಿಜಯದ ಇನ್ನೂರನೆಯ ವರ್ಷವಾದ 2024ರ ಫಲಕಗಳಿಗೂ ಇದೇ ಗತಿ. ಇವುಗಳ ಮೂಲ ವಿನ್ಯಾಸ ಕಂಪ್ಯೂಟರಿನಲ್ಲಿದ್ದರೂ ಸಣ್ಣ ಅಂಗಡಿಗಳು ಹಳೆಯ ಕಡತಗಳನ್ನು ಬಹುಕಾಲ ಕಾಯ್ದಿಡುವುದಿಲ್ಲ. ನೂರು ವರ್ಷದ ಹಿಂದಿನ ಕಲ್ಲಚ್ಚಿಗಿಂತ ಹತ್ತು ವರ್ಷದ ಹಿಂದಿನ ಫ್ಲೆಕ್ಸ್ ಸಿಗುವುದು ಕಷ್ಟವಾಗಬಹುದಾದ ಸ್ಥಿತಿ ಇದು.

5. ಕ್ಯಾಲೆಂಡರು: ಸ್ಥಳೀಯ ಮಿತಮುದ್ರಣ

ಬೈಲಹೊಂಗಲ ಹತ್ತಿ ವ್ಯಾಪಾರದ ಊರು. ರಾಮದುರ್ಗ ತಾಲ್ಲೂಕಿನ ಸುರೇಬಾನ–ಮನಿಹಾಳ ನೇಕಾರಿಕೆಯ ಊರುಗಳು. ಇಂತಹ ಪೇಟೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಪಟ ತರುವುದು, ಹೊಸ ವರ್ಷಕ್ಕೆ ಗಿರಾಕಿಗಳಿಗೆ ಕ್ಯಾಲೆಂಡರು ಹಂಚುವುದು ವ್ಯಾಪಾರದ ಭಾಗವಾಗಿ ಬೆಳೆದುಬಂದಿವೆ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಬೀಜ–ಗೊಬ್ಬರದ ಅಂಗಡಿಗಳು ಈ ಹಂಚಿಕೆಯ ಮುಖ್ಯ ಕೇಂದ್ರಗಳು.

ಇಲ್ಲಿ ಸಂಶೋಧಕರು ಗಮನಿಸಬೇಕಾದ ಅಂಶವೊಂದಿದೆ. ಕ್ಯಾಲೆಂಡರಿನ ಚಿತ್ರ ಶಿವಕಾಶಿಯಂತಹ ಕಡೆ ದೊಡ್ಡ ಸಂಖ್ಯೆಯಲ್ಲಿ ಅಚ್ಚಾಗುತ್ತದೆ; ಅದರ ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಅಂಗಡಿಯ ಹೆಸರು, ಊರು, ಸರಕಿನ ವಿವರ ಬೇರೆಯಾಗಿ ಅಚ್ಚಾಗುತ್ತವೆ. ಚಿತ್ರಕ್ಕೆ ಮಿತಿಯಿಲ್ಲ, ಆದರೆ ಒಂದು ಅಂಗಡಿಯ ಹೆಸರಿರುವ ಪ್ರತಿಗಳು ಆ ಅಂಗಡಿ ಆ ವರ್ಷ ಮಾಡಿಸಿದಷ್ಟೇ. ಉದ್ದೇಶವಿಲ್ಲದೆಯೇ ರೂಪುಗೊಂಡ ಮಿತಮುದ್ರಣ ಇದು. ಚಿತ್ರ ನೂರು ಊರುಗಳಲ್ಲಿ ಸಿಕ್ಕೀತು; ಬೈಲಹೊಂಗಲದ ಒಂದು ಅಂಗಡಿಯ ಹೆಸರಿರುವ ಪಟ್ಟಿ ಮಾತ್ರ ಮತ್ತೆಲ್ಲಿಯೂ ಸಿಗದು. ವರ್ಷ ಮುಗಿದ ಮೇಲೆ ಚಿತ್ರಕ್ಕೆ ಕಟ್ಟು ಹಾಕಿಸುವಾಗ ಈ ಪಟ್ಟಿಯನ್ನೇ ಕತ್ತರಿಸುತ್ತಾರೆ ಅಥವಾ ಹಿಂದಕ್ಕೆ ಮಡಚುತ್ತಾರೆ. ಚಿತ್ರದ ಸೊಬಗನ್ನಷ್ಟೇ ನೋಡುವ ಸಂಗ್ರಾಹಕನಿಗೆ ಇದು ಬೇಡದ ಭಾಗ. ಪ್ರಾದೇಶಿಕ ಇತಿಹಾಸಕಾರನಿಗೆ ಇದೇ ಮುಖ್ಯ ಭಾಗ.

6. ಸಂಗ್ರಹದಲ್ಲಿ ಕಳೆದುಹೋಗುವುದು

ಪಟಗಳ ಸಂಗ್ರಹ ಮತ್ತು ಅಧ್ಯಯನದಲ್ಲಿ ಗಣನೀಯ ಕೆಲಸಗಳು ನಡೆದಿವೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ರವಿವರ್ಮ ಮುದ್ರಣಾಲಯದ ಪಟಗಳಿಗೆ ಪ್ರತ್ಯೇಕ ಸ್ಥಾನ ಕಲ್ಪಿಸಿದರು. ಭಾರತದ ಜನಪ್ರಿಯ ದೃಶ್ಯಸಂಸ್ಕೃತಿಯ ಅಧ್ಯಯನಕ್ಕಾಗಿ 2006ರಲ್ಲಿ ಆರಂಭವಾದ 'ತಸ್ವೀರ್ ಘರ್' ಜಾಲವು ಅನೇಕ ಖಾಸಗಿ ಸಂಗ್ರಹಗಳನ್ನು ವಿದ್ವತ್ತಿನ ಗಮನಕ್ಕೆ ತಂದಿದೆ. ಕಾಜ್ರಿ ಜೈನ್ ಅವರ 'ಗಾಡ್ಸ್ ಇನ್ ದ ಬಜಾರ್' (2007) ಕ್ಯಾಲೆಂಡರ್ ಉದ್ಯಮದ ಆರ್ಥಿಕ ಸ್ವರೂಪವನ್ನು ವಿವರವಾಗಿ ಚರ್ಚಿಸಿದೆ.

ಆದರೆ ಮಾರುಕಟ್ಟೆಯ ಸಂಗ್ರಹಕ್ರಮ ಬೇರೆ. ಹಳೆಯ ಮನೆ ಕೆಡವುವಾಗ ಪಟಗಳು ರದ್ದಿಯವರ, ಹಳೆ ಸಾಮಾನು ಕೊಳ್ಳುವವರ ಕೈ ಸೇರುತ್ತವೆ. ವ್ಯಾಪಾರಿ ಕಟ್ಟನ್ನು ಬಿಚ್ಚಿ ತೇಗದ ಚೌಕಟ್ಟನ್ನು ಒಂದು ಕಡೆ, ಪಟವನ್ನು ಇನ್ನೊಂದು ಕಡೆ ಮಾರುತ್ತಾನೆ. ಕುಂಕುಮದ ಕಲೆಯನ್ನು ಒರೆಸಲಾಗುತ್ತದೆ. ಹಿಂಬದಿಯ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ. ನಗರದ ಗೋಡೆ ತಲುಪುವ ಹೊತ್ತಿಗೆ ಪಟಕ್ಕೆ ಊರಿಲ್ಲ, ಮನೆಯಿಲ್ಲ, ಹೆಸರಿಲ್ಲ. ಮಾರುಕಟ್ಟೆಯಲ್ಲಿ ಸ್ವಚ್ಛವಾದ ಪ್ರತಿಗೆ ಬೆಲೆ ಹೆಚ್ಚು. ಜಾನಪದ ಅಧ್ಯಯನದ ದೃಷ್ಟಿಯಿಂದ ಸ್ವಚ್ಛ ಪ್ರತಿ ಎಂದರೆ ಬಳಕೆಯಾಗದ ಪ್ರತಿ, ಅಥವಾ ಬಳಕೆಯ ಸಾಕ್ಷ್ಯವನ್ನು ಕಳೆದುಕೊಂಡ ಪ್ರತಿ.

ಕಟ್ಟಿನ ಹಿಂಬದಿಯ ಮಹತ್ವವನ್ನು ಇಲ್ಲಿ ಒತ್ತಿ ಹೇಳಬೇಕು. ಕಟ್ಟು ಹಾಕುವವರು ಪಟ ಮತ್ತು ಹಲಗೆಯ ನಡುವೆ ಹಳೆಯ ವೃತ್ತಪತ್ರಿಕೆ, ಲಗ್ನಪತ್ರಿಕೆ, ಲೆಕ್ಕದ ಹಾಳೆಗಳನ್ನು ತುಂಬುತ್ತಾರೆ. ಆ ಪತ್ರಿಕೆಯ ದಿನಾಂಕಕ್ಕಿಂತ ಮೊದಲು ಆ ಕಟ್ಟು ಆಗಿರಲು ಸಾಧ್ಯವಿಲ್ಲ. ಕಟ್ಟಿನವರ ಅಂಗಡಿಯ ಚೀಟಿ ಅಂಟಿದ್ದರೆ ಪಟ ಯಾವ ಪೇಟೆಯಲ್ಲಿ ಕಟ್ಟಿಸಿಕೊಂಡಿತು ಎಂಬುದೂ ತಿಳಿಯುತ್ತದೆ. ಪಟದ ಮುಖ ಮುದ್ರಣಾಲಯದ ಇತಿಹಾಸವನ್ನು ಹೇಳಿದರೆ ಬೆನ್ನು ಮನೆಯ ಇತಿಹಾಸವನ್ನು ಹೇಳುತ್ತದೆ.

7. ದಾಖಲೀಕರಣ ಮತ್ತು ಸಂರಕ್ಷಣೆ

ಸಂಶೋಧಕರು ಹಾಗೂ ಗ್ರಂಥಾಲಯಗಳು ಅನುಸರಿಸಬಹುದಾದ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮೊದಲನೆಯದಾಗಿ, ಸಾಧ್ಯವಿರುವ ಕಡೆಗಳಲ್ಲೆಲ್ಲ ಪಟವನ್ನು ಮನೆಯಿಂದ ತರದೆ, ಅದು ಇರುವ ಸ್ಥಳದಲ್ಲಿಯೇ ಛಾಯಾಚಿತ್ರ ತೆಗೆಯಬೇಕು. ಜಗಲಿಯಲ್ಲಿ ಅದರ ಎಡಬಲದಲ್ಲಿ ಏನಿದೆ ಎಂಬುದೂ ದಾಖಲಾಗಬೇಕು. ಎರಡನೆಯದಾಗಿ, ಮನೆಯವರು ಅದನ್ನು ಕರೆಯುವ ಹೆಸರು, ತಂದವರು, ತಂದ ಸಂದರ್ಭ, ಪೂಜೆಯ ದಿನ, ಸಂಬಂಧಿಸಿದ ಹಾಡು ಅಥವಾ ಹರಕೆಯನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಮೂರನೆಯದಾಗಿ, ಅಳತೆ, ಮುದ್ರಣತಂತ್ರ, ಕೆಳ ಅಂಚಿನಲ್ಲಿರುವ ಮುದ್ರಣಾಲಯದ ಹೆಸರು, ಶೀರ್ಷಿಕೆಯ ಲಿಪಿ, ಚಿತ್ರಕಾರನ ಸಹಿ, ಅಂಗಡಿಯ ಹೆಸರುಗಳನ್ನು ಗುರುತಿಸಬೇಕು.

ದಾನವಾಗಿ ಬಂದ ಪಟಗಳ ವಿಷಯದಲ್ಲಿ ಕಟ್ಟನ್ನು ಬಿಚ್ಚುವ ಮುನ್ನ ಮುಂದು–ಹಿಂದುಗಳ ಚಿತ್ರ ತೆಗೆಯುವುದು, ಹಿಂಬದಿಯ ಕಾಗದಗಳನ್ನು ಅದೇ ಕ್ರಮಸಂಖ್ಯೆಯಲ್ಲಿ ಕಾಯ್ದಿಡುವುದು ಅಗತ್ಯ. ಕುಂಕುಮ, ಎಣ್ಣೆಯ ಕಲೆಗಳನ್ನು ತೊಳೆಯಬಾರದು. ಲ್ಯಾಮಿನೇಶನ್ ಸರ್ವಥಾ ಸಲ್ಲದು. ಒಮ್ಮೆ ಮಾಡಿದರೆ ಪಟವನ್ನು ಮೊದಲಿನ ಸ್ಥಿತಿಗೆ ತರಲಾಗದು. ಹಳೆಯ ರಟ್ಟಿನಲ್ಲಿರುವ ಆಮ್ಲವು ಕಾಗದವನ್ನು ಕಂದಾಗಿಸಿ ಪುಡಿಗಟ್ಟಿಸುವುದರಿಂದ ಆಮ್ಲರಹಿತ ಕಾಗದದ ಮಡಿಕೆಯಲ್ಲಿ, ನೇರ ಬಿಸಿಲು ಮತ್ತು ತೇವದಿಂದ ದೂರವಾಗಿ, ಅಡ್ಡಲಾಗಿ ಇಡುವುದು ಒಳಿತು.

ಪ್ರತಿಮಾಡಿ ಪ್ರಕಟಿಸುವಾಗ ಹಕ್ಕುಸ್ವಾಮ್ಯದ ಎಚ್ಚರವೂ ಬೇಕು. 1957ರ ಅಧಿನಿಯಮದ ಪ್ರಕಾರ ಚಿತ್ರಕಾರನ ಮರಣದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಅನಾಮಧೇಯ ಕೃತಿಗಳಿಗೆ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. ರವಿವರ್ಮರ ಚಿತ್ರಗಳು ಮುಕ್ತವಾಗಿವೆ, ಎಸ್.ಎಂ. ಪಂಡಿತರವು ಇನ್ನೂ ಮುಕ್ತವಾಗಿಲ್ಲ. ಮನೆಯ ಪೂಜಾಸ್ಥಳದ ಚಿತ್ರವನ್ನು ಪ್ರಕಟಿಸಲು ಮನೆಯವರ ಒಪ್ಪಿಗೆ ಕಾನೂನಿಗಿಂತ ಮೊದಲಿನ ಹೊಣೆ.

ಸಮಾರೋಪ

ಮಿತಮುದ್ರಣದ ಸಂಗ್ರಾಹಕನು ಪ್ರತಿಯ ಸಂಖ್ಯೆಯನ್ನು ಕೇಳುತ್ತಾನೆ. ಜಾನಪದದ ಸಂಗ್ರಾಹಕನು ಪ್ರತಿಯ ಬಾಳನ್ನು ಕೇಳಬೇಕಾಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪಟಗಳು ತಮ್ಮ ಅನನ್ಯತೆಯನ್ನು ಪಡೆದದ್ದು ಮುದ್ರಣಾಲಯದಲ್ಲಲ್ಲ, ಜಗಲಿಯಲ್ಲಿ, ಜಾತ್ರೆಯಲ್ಲಿ, ಅಂಗಡಿಯಲ್ಲಿ, ಗರಡಿಯಲ್ಲಿ. ಹಳೆಯ ಮನೆಗಳು ಬೇಗಬೇಗನೆ ಕಾಂಕ್ರೀಟು ಕಟ್ಟಡಗಳಾಗುತ್ತಿರುವ ಈ ಕಾಲದಲ್ಲಿ ತಾಲ್ಲೂಕು ಮಟ್ಟದ ಕಾಲೇಜುಗಳ ಕನ್ನಡ ವಿಭಾಗಗಳು, ಸಾರ್ವಜನಿಕ ಗ್ರಂಥಾಲಯಗಳು ಹಾಗೂ ಅಕಾಡೆಮಿಗಳು ಒಟ್ಟಾಗಿ ಇವುಗಳ ಸಮೀಕ್ಷೆಯನ್ನು ಕೈಗೊಳ್ಳುವುದು ಅವಶ್ಯ. ಪಟಗಳನ್ನು ಕೊಂಡು ತರುವುದಕ್ಕಿಂತ ಮೊದಲು ಅವುಗಳ ಮಾತನ್ನು ಬರೆದುಕೊಳ್ಳುವುದು ಆ ಸಮೀಕ್ಷೆಯ ಮೊದಲ ಹೆಜ್ಜೆಯಾಗಬೇಕು. ಪಟವನ್ನು ಬೇರೆಡೆ ಮತ್ತೆ ಹುಡುಕಬಹುದು. ಅದನ್ನು ಗುಡ್ಡದಿಂದ ತಲೆಯ ಮೇಲೆ ಹೊತ್ತು ತಂದ ಅಜ್ಜಿಯ ನೆನಪು ಎರಡನೆಯ ಸಲ ಸಿಗುವುದಿಲ್ಲ.